ಆಕರಗಳೆಲ್ಲ ಇವೆ, ನನ್ನ ವಾದ ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ತೆ ಮೇಡಂ. "ಹೈಸ್ಕೂಲು ಬೆಳಗ್ಗೆ ತಡವಾಗಿ ಶುರುವಾಗಬೇಕು" ಅಂತ ವಾದಿಸುವ ಪ್ರಬಂಧ ಬರೆದೆ. ಹೊರಗಿನ ಆಕರಗಳನ್ನು ಬಳಸಲೇಬೇಕು ಅಂದಿದ್ದರು, ಹುಡುಕಿ ಹುಡುಕಿ ಸೇರಿಸಿದೆ. ತಿದ್ದಿ ಕೊಟ್ಟಾಗ ಪಕ್ಕದಲ್ಲಿ "ಇದರಲ್ಲಿ ನೀನು ಎಲ್ಲಿದ್ದೀಯ?" ಅಂತ ಬರೆದಿತ್ತು. ಆಕರ ಕೇಳಿದವರೇ ಹೀಗಂದರೆ ಏನು ಮಾಡಲಿ? ಒಂದು ಪ್ಯಾರಾ ಹಾಕಿದ್ದೇನೆ, ನೋಡಿ.

"ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು ಎಂದು ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2016ರಲ್ಲಿ ಹೇಳಿದೆ. ಶಾಲೆ 8:30ಕ್ಕಿಂತ ಮುಂಚೆ ಶುರುವಾಗಬಾರದು ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2014ರಲ್ಲಿ ಹೇಳಿದೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಶಾಲೆಯ ಸಮಯ ಬದಲಿಸಿದಾಗ ನಿದ್ದೆ 34 ನಿಮಿಷ ಜಾಸ್ತಿಯಾಯಿತೆಂದು 2018ರ ಅಧ್ಯಯನ ಸಾಬೀತು ಮಾಡಿದೆ. ಆದ್ದರಿಂದ ಶಾಲೆ ತಡವಾಗಿ ಶುರುವಾಗಬೇಕು."

ಉತ್ತರ: ನಮಸ್ತೆ. ನಿಮ್ಮ ಆಕರಗಳು ಒಳ್ಳೆಯವೇ. ಆದರೆ ಮೂರು ವಾಕ್ಯಗಳಲ್ಲಿ ಬೇರೆಯವರು ಮಾತಾಡುತ್ತಾರೆ, ನಾಲ್ಕನೆಯದರಲ್ಲಿ ನೀವು ತೀರ್ಪು ಕೊಟ್ಟು ಹೊರಟುಬಿಡುತ್ತೀರಿ. ನಡುವಿನ ಯೋಚನೆಯೇ ಕಾಣುತ್ತಿಲ್ಲ. ನಿಮ್ಮ ಮೇಷ್ಟ್ರು ಕೇಳಿದ್ದು ಅದನ್ನೇ.

ಮೊದಲ ವಾಕ್ಯ ನೋಡಿ. ಮಕ್ಕಳಿಗೆ ಅಷ್ಟು ನಿದ್ದೆ ಬೇಕು, ಸರಿ. ಅದಕ್ಕೆ ಶಾಲೆ ಯಾಕೆ ಸಮಯ ಬದಲಿಸಬೇಕು? "ರಾತ್ರಿ ಬೇಗ ಮಲಗಲಿ" ಅಂತ ಯಾವ ಅಪ್ಪ ಅಮ್ಮನಾದರೂ ಕೇಳುತ್ತಾರೆ, ಅಲ್ವಾ? ಉತ್ತರ ಇದೆ. ಆ ವಯಸ್ಸಿನಲ್ಲಿ ನಿದ್ದೆಗೆ ಸೂಚನೆ ಕೊಡುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ದೇಹದ ಗಡಿಯಾರವೇ ತಡವಾಗಿ ನಡೆಯುತ್ತಿರುತ್ತದೆ. ಹಾಗಾಗಿ ಬೇಗ ಮಲಗು ಅಂದರೂ ಬೇಗ ನಿದ್ದೆ ಬರುವುದು ಕಷ್ಟ. ಸಾಕ್ಷ್ಯವನ್ನೂ ನಿಲುವನ್ನೂ ಬೆಸೆಯುವ ಮಾತು ಇದು. ಸ್ಟೀಫನ್ ಟೌಲ್ಮಿನ್ ಎಂಬ ತತ್ವಶಾಸ್ತ್ರಜ್ಞರು 1958ರಲ್ಲಿ ಇದಕ್ಕೆ ‘ವಾರಂಟ್’ ಅಂತ ಹೆಸರಿಟ್ಟರು. ಹೆಸರು ನೆನಪಿರದಿದ್ದರೂ ಪರವಾಗಿಲ್ಲ, ಪ್ರತಿ ಆಕರದ ಹಿಂದೆ "ಹಾಗಾದರೆ ಏನಾಯಿತು?" ಅಂತ ಕೇಳಿಕೊಳ್ಳಿ.

ಓದುಗರ ಮುಂದಿನ ಅನುಮಾನ: ಶಾಲೆ ತಡವಾದರೆ ಮಕ್ಕಳು ಇನ್ನೂ ತಡವಾಗಿ ಮಲಗುತ್ತಾರೆ. ಸಿಯಾಟಲ್ ಅಧ್ಯಯನದ ಜಾಗ ಇಲ್ಲಿ. ಅಲ್ಲಿನ ಮಕ್ಕಳು ಮಲಗುವ ಹೊತ್ತು ಹೆಚ್ಚೇನೂ ಬದಲಾಗಲಿಲ್ಲ, ಬೆಳಗ್ಗೆ ಏಳುವ ಹೊತ್ತು ತಡವಾಯಿತು. ನಿಮ್ಮ ಇಡೀ ವಾದಕ್ಕೆ ಬೇಕಾದ ಅಂಶ ಇದೇ. ನೀವು 34 ನಿಮಿಷ ಮಾತ್ರ ತೆಗೆದುಕೊಂಡು ಇದನ್ನು ಬಿಟ್ಟಿದ್ದೀರಿ! ಅನುಮಾನ ಹುಟ್ಟುವ ಜಾಗದಲ್ಲಿ ಆಕರ ಇಟ್ಟರೆ ಅದು ಕೆಲಸ ಮಾಡುತ್ತದೆ. ಸಾಲಾಗಿ ಜೋಡಿಸಿದರೆ ಸುಮ್ನೆ ಪಟ್ಟಿಯಾಗುತ್ತದೆ.

"ಸಾಬೀತು ಮಾಡಿದೆ" ಎಂಬುದನ್ನು ತೆಗೆಯಿರಿ. ಆ ಅಧ್ಯಯನ ನಡೆದದ್ದು ಎರಡು ಶಾಲೆಗಳಲ್ಲಿ. ಬದಲಾವಣೆಗೆ ಮುಂಚಿನ ವಿದ್ಯಾರ್ಥಿಗಳು ಬೇರೆ, ನಂತರದವರು ಬೇರೆ. ಆದರೆ ನಿದ್ದೆಯನ್ನು ಮಣಿಕಟ್ಟಿನ ಸಾಧನದಿಂದ ಅಳೆದರು, ಮಕ್ಕಳ ನೆನಪನ್ನಷ್ಟೇ ನಂಬಲಿಲ್ಲ. ಅದು ದೊಡ್ಡ ಬಲ. ಬಲವನ್ನೂ ಮಿತಿಯನ್ನೂ ಹೇಳಿ "ಕಂಡುಬಂದಿದೆ" ಎಂದು ಬರೆಯಿರಿ. ಅಳತೆ ಮೀರದ ಮಾತನ್ನು ಓದುಗರು ಜಾಸ್ತಿ ನಂಬುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಮೇಡಂ, ಎದುರು ಪಕ್ಷದ ಮಾತನ್ನು ನಾವೇ ಬರೆದರೆ ನಮ್ಮ ವಾದ ಸೊರಗುವುದಿಲ್ಲವೇ?

ಉತ್ತರ: ಅದನ್ನು ಬಿಟ್ಟರೇ ಸೊರಗುತ್ತದೆ. ಓದುಗರಿಗೆ ಅದು ಹೇಗೂ ಹೊಳೆದಿರುತ್ತದೆ. ಆದರೆ ಉರುಳಿಸಲು ಸುಲಭವಾದ ಆಕ್ಷೇಪವನ್ನು ಆರಿಸಿಕೊಳ್ಳಬೇಡಿ, ಅದು ಮೋಸ. ಬಸ್ಸುಗಳ ವೇಳೆ, ಪೋಷಕರ ಕೆಲಸದ ಸಮಯ, ಸಂಜೆಯ ಆಟೋಟ, ಇವೆಲ್ಲ ನಿಜವಾದ ತೊಡಕುಗಳು. ಆ ಪಕ್ಷದವರು ಓದಿ "ಹೌದು, ನಾವು ಹೇಳುವುದು ಇದೇ" ಅನ್ನುವಷ್ಟು ನ್ಯಾಯವಾಗಿ ಬರೆಯಿರಿ. ಪೂರ್ತಿ ಉತ್ತರ ಸಿಗದಿದ್ದರೆ ನಿಮ್ಮ ನಿಲುವನ್ನು ಕೊಂಚ ಕಿರಿದು ಮಾಡಿ. "ಎಲ್ಲ ಶಾಲೆಗಳೂ" ಎಂಬುದು "ಬಸ್ಸಿನ ವೇಳೆ ಹೊಂದಿಸಬಲ್ಲ ಶಾಲೆಗಳು ಮೊದಲು" ಎಂದಾಗಬಹುದು. ಇದನ್ನು ಸೋಲು ಅಂದುಕೊಳ್ಳಬೇಡಿ. ನಿಲ್ಲುವ ವಾದ ಹೀಗೇ ತಯಾರಾಗುವುದು.

ಮತ್ತೊಬ್ಬರ ಪ್ರಶ್ನೆ: ದೊಡ್ಡ ಜರ್ನಲ್‌ನಲ್ಲಿ ಬಂದಿದ್ದರೆ ಕಣ್ಮುಚ್ಚಿ ನಂಬಬಹುದಾ?

ಉತ್ತರ: ಬೇಡ. ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ) ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದು ಎಂದ ಲೇಖನ 1998ರಲ್ಲಿ ಹೆಸರಾಂತ ವೈದ್ಯಕೀಯ ಜರ್ನಲ್ ‘ದಿ ಲ್ಯಾನ್ಸೆಟ್’ನಲ್ಲೇ ಬಂತು. ಅದರಲ್ಲಿದ್ದವರು 12 ಮಕ್ಕಳು. ಜರ್ನಲ್ ಅದನ್ನು 2010ರಲ್ಲಿ ಪೂರ್ತಿ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಎಷ್ಟೋ ಪೋಷಕರು ಹೆದರಿ ಲಸಿಕೆ ಬಿಟ್ಟಿದ್ದರು. ನೀವು ಬಳಸುವ ಲೇಖನದ ಹೆಸರಿನ ಜೊತೆ "ರಿಟ್ರಾಕ್ಷನ್" (ಹಿಂತೆಗೆತ) ಎಂದು ಹಾಕಿ ಒಮ್ಮೆ ಹುಡುಕಿ. ಪತ್ರಿಕೆಯ ಸುದ್ದಿಯಲ್ಲಿ ಅಧ್ಯಯನದ ಮಾತು ಬಂದರೆ ಮೂಲಕ್ಕೇ ಹೋಗಿ, ಎಷ್ಟು ಜನರನ್ನು, ಹೇಗೆ ಅಳೆದರು ಎಂದು ನೋಡಿ.

ಪ್ರಶ್ನೆ (ಮೊದಲು ಕೇಳಿದವರು): ತುಂಬಾ ಥ್ಯಾಂಕ್ಸ್ ಮೇಡಂ. ಕೊನೆಯದಾಗಿ, ಸ್ವಂತ ಮಾತಿನಲ್ಲಿ ಬರೆದರೂ ಆಕರ ಕೊಡಬೇಕಾ? ಎಐ ಹೇಳಿದ ಆಕರಗಳನ್ನು ಹಾಕಬಹುದಾ?

ಉತ್ತರ: ಕೊಡಲೇಬೇಕು. ಮಾತು ನಿಮ್ಮದಾದರೂ ವಿಚಾರ ಅವರದ್ದು. ಸ್ವಂತ ಮಾತಿನಲ್ಲಿ ಬರೆಯುವಾಗ ಮೂಲವನ್ನು ಮುಚ್ಚಿಟ್ಟು ಬರೆಯಿರಿ, ಆಮೇಲೆ ತೆರೆದು ಹೋಲಿಸಿ. ಪದಗಳನ್ನಷ್ಟೇ ಬದಲಿಸಿದ್ದರೆ ಆಗಲೇ ಗೊತ್ತಾಗುತ್ತದೆ. ಎಐ ಕೆಲವೊಮ್ಮೆ ಇಲ್ಲದ ಲೇಖನಕ್ಕೂ ಲೇಖಕರ ಹೆಸರು, ವರ್ಷ ಎಲ್ಲ ಕೊಟ್ಟುಬಿಡುತ್ತದೆ. ನೀವೇ ತೆರೆದು ಓದದ ಯಾವುದನ್ನೂ ಹಾಕಬೇಡಿ. ಆ ಪ್ಯಾರಾ ಮತ್ತೆ ಬರೆದು ಇಲ್ಲೇ ಹಾಕಿ, ಖಂಡಿತ ನೋಡುತ್ತೇನೆ.