ಅಪ್‌ಡೇಟ್: ಓದಿದ ಫೈಲಿಗೇ ಬರೆಯಲು ಹ್ಯಾಸ್ಕೆಲ್ ಬಿಡುತ್ತಿರಲಿಲ್ಲ, ಬಗೆಹರಿಯಿತು

ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸೆಟ್ಟಿಂಗ್ಸ್ ಫೈಲನ್ನು ಓದಿ, ಒಂದು ಸಾಲು ತಿದ್ದಿ, ಅದೇ ಫೈಲಿಗೆ ಮರಳಿ ಬರೆಯಲು ಹೋದರೆ ‘ಫೈಲ್ ಲಾಕ್ ಆಗಿದೆ’ ಎಂಬ ದೋಷ ಬರುತ್ತಿದೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ.

ತಪ್ಪು ನನ್ನ ತಿಳಿವಳಿಕೆಯದೇ. ಫೈಲ್ ಓದುವ ರೀಡ್‌ಫೈಲ್ ಫಂಕ್ಷನ್ ಕರೆದ ಕೂಡಲೇ ಫೈಲ್ ಪೂರ್ತಿ ಓದಿ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಶುದ್ಧ ಸೋಮಾರಿ: ಬೇಕಾದಾಗ ಬೇಕಾದಷ್ಟೇ ಓದುತ್ತದೆ, ಕೊನೆ ಮುಟ್ಟುವವರೆಗೆ ಫೈಲನ್ನು ತೆರೆದೇ ಇಟ್ಟಿರುತ್ತದೆ. ಅಷ್ಟರಲ್ಲಿ ಬರೆಯುವ ಫಂಕ್ಷನ್ ರೈಟ್‌ಫೈಲ್ ಬಂದು ಬಾಗಿಲು ಬಡಿಯುತ್ತದೆ. ತಮಾಷೆಯೆಂದರೆ, ನಡುವೆ ಸಾಲುಗಳ ಸಂಖ್ಯೆಯನ್ನು ಮುದ್ರಿಸಿ ನೋಡಿದಾಗ ದೋಷ ಮಾಯವಾಗಿತ್ತು. ಆ ಮುದ್ರಣ ತೆಗೆದರೆ ಮತ್ತೆ ಹಾಜರು. ಎಣಿಸಲು ಕೊನೆಯವರೆಗೆ ಓದಲೇಬೇಕಲ್ಲ! ಎರಡು ದಿನ ಇದನ್ನು ಭೂತಚೇಷ್ಟೆ ಎಂದುಕೊಂಡೇ ಕಳೆದೆ.

ಫೈಲ್ ತೆರೆದು, ಕೆಲಸ ಮುಗಿದೊಡನೆ ತಾನೇ ಮುಚ್ಚುವ ವಿತ್‌ಫೈಲ್ ಬಳಸುವ ಸಲಹೆ ನನಗೆ ಆಗಿಬರಲಿಲ್ಲ. ಓದುವ ಮುನ್ನವೇ ಫೈಲ್ ಮುಚ್ಚಿಹೋಗಿ ಬೇರೊಂದು ದೋಷ ಬಂತು. ಕೊನೆಗೆ ಪಠ್ಯ ಹಿಡಿದಿಡಲು ಸ್ಟ್ರಿಂಗ್ ಎಂಬ ಟೈಪ್ ಬಿಟ್ಟು ಟೆಕ್ಸ್ಟ್ ಎಂಬ ಟೈಪ್ ಹಿಡಿದೆ. ಡೇಟಾ.ಟೆಕ್ಸ್ಟ್.ಐಓ ಮಾಡ್ಯೂಲ್ ಒಳಗಿನ ರೀಡ್‌ಫೈಲ್ ಎಲ್ಲವನ್ನೂ ಒಮ್ಮೆಗೇ ಓದಿ ಫೈಲ್ ಮುಚ್ಚುತ್ತದೆ. ಬದಲಾದದ್ದು ಇಂಪೋರ್ಟ್ ಸಾಲುಗಳು, ನಾಲ್ಕೈದು ಫಂಕ್ಷನ್‌ಗಳ ಟೈಪ್, ಅಷ್ಟೇ.

ಬರೆಯುವಾಗ ಪ್ರೋಗ್ರಾಂ ನಡುವೆ ನಿಂತರೆ ಹಳೆಯ ಸೆಟ್ಟಿಂಗ್ಸ್ ಕೂಡ ಹಾಳಾಗುತ್ತದೆ. ಹಾಗಾಗಿ ಈಗ ತಾತ್ಕಾಲಿಕ ಫೈಲಿಗೆ ಬರೆದು, ಆಮೇಲೆ ಅದರ ಹೆಸರನ್ನು ಮೂಲ ಫೈಲಿನ ಹೆಸರಿಗೆ ಬದಲಿಸುತ್ತಿದ್ದೇನೆ.