ಜಿಪ್ಸಿಯ ಡಿಫರೆನ್ಷಿಯಲ್ ಫ್ಲೇಂಜ್ ಮನೆಯಲ್ಲೇ ಬದಲಿಸಬಹುದಾ?

ಪ್ರಶ್ನೆ (ಸಕಲೇಶಪುರ ಕಡೆಯ ಕಾಫಿ ಬೆಳೆಗಾರರಿಂದ):

ನಮ್ಮದು 2008ರ ಮಾರುತಿ ಜಿಪ್ಸಿ ಕಿಂಗ್. ತೋಟದೊಳಗೇ ಜಾಸ್ತಿ ಓಡಾಟ, ಮಳೆಗಾಲದಲ್ಲಿ ಹಳ್ಳವನ್ನೂ ದಾಟಿಸುತ್ತೇವೆ. ಹಿಂದಿನ ಡಿಫರೆನ್ಷಿಯಲ್ ಹೌಸಿಂಗ್‌ನಲ್ಲಿ (ಹಿಂದಿನ ಚಕ್ರಗಳನ್ನು ತಿರುಗಿಸುವ ಗೇರ್‌ಗಳ ಪೆಟ್ಟಿಗೆ) ಪ್ರೊಪೆಲ್ಲರ್ ಶಾಫ್ಟ್ ಸೇರುವ ಕಡೆ ಆಯಿಲ್ ಸೋರುತ್ತಿದೆ. ಒಂದು ವರ್ಷದಲ್ಲಿ ಎರಡು ಸಲ ಸೀಲ್ ಹಾಕಿಸಿದೆ. ಎರಡು ತಿಂಗಳು ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಈ ಸಲ ಗ್ಯಾರೇಜಿನವರು ಶಾಫ್ಟ್ ಬೋಲ್ಟ್ ಆಗುವ ತಟ್ಟೆ, ಅಂದರೆ ಫ್ಲೇಂಜೇ ಸವೆದಿದೆ ಅಂದರು. ಹೊಸದು ತರಿಸಿದ್ದೇನೆ. ಜಾಕ್, ಸಾಕೆಟ್ ಸೆಟ್, ಟಾರ್ಕ್ ರೆಂಚ್ ನನ್ನ ಹತ್ತಿರ ಇವೆ. ಮನೆಯಲ್ಲೇ ಮಾಡಬಹುದಾ? ನಡುವಿನ ದೊಡ್ಡ ನಟ್ ಎಷ್ಟು ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಬಿಗಿಯಬೇಕು?

ಉತ್ತರ (ಮೆಕ್ಯಾನಿಕ್):

ಮಾಡಬಹುದು. ಆದರೆ ಟಾರ್ಕ್ ಎಷ್ಟು ಅನ್ನುವ ಪ್ರಶ್ನೆಯನ್ನು ಮೊದಲು ಪಕ್ಕಕ್ಕಿಡಿ. ಈ ಕೆಲಸ ಕೆಡುವುದೇ ಅಲ್ಲಿ.

ಆ ನಟ್ ಫ್ಲೇಂಜ್ ಒಂದನ್ನೇ ಹಿಡಿದಿಟ್ಟಿರುವುದಿಲ್ಲ. ಪಿನಿಯನ್‌ನ (ಫ್ಲೇಂಜ್ ಕೂರುವ ಗೇರ್ ದಂಡದ) ಎರಡು ಬೇರಿಂಗ್‌ಗಳನ್ನು ಒತ್ತಿ ಹಿಡಿದಿರುವುದೂ ಅದೇ. ಆ ಒತ್ತಡಕ್ಕೆ ಪ್ರೀಲೋಡ್ ಅನ್ನುತ್ತೇವೆ. ಜಿಪ್ಸಿಯಲ್ಲಿ ಎರಡು ಬೇರಿಂಗ್‌ಗಳ ನಡುವೆ ತೆಳು ಲೋಹದ ಒಂದು ಕೊಳವೆ ಇರುತ್ತದೆ. ಅದೇ ಕ್ರಶ್ ಸ್ಲೀವ್. ನಟ್ ಬಿಗಿದಷ್ಟೂ ಅದು ಕುಗ್ಗುತ್ತದೆ, ಕುಗ್ಗಿದ್ದು ಮತ್ತೆ ಹಿಗ್ಗುವುದಿಲ್ಲ. ಜಾಸ್ತಿ ಬಿಗಿದುಬಿಟ್ಟರೆ ನಟ್ ಸಡಿಲ ಮಾಡಿ ಸರಿಪಡಿಸುವ ಹಾಗಿಲ್ಲ. ಎಲ್ಲಾ ಬಿಚ್ಚಿ ಹೊಸ ಸ್ಲೀವ್ ಹಾಕಬೇಕು. ನಾನು ಕೆಲಸ ಕಲಿಯುತ್ತಿದ್ದಾಗ ಒಂದು ಜೀಪಿನ ನಟ್ಟನ್ನು ಇಂಪ್ಯಾಕ್ಟ್ ಗನ್‌ನಲ್ಲಿ ಬಿಗಿದಿದ್ದೆ. ಘಾಟಿ ಇಳಿದು ಹತ್ತಿ ಬರುವಷ್ಟರಲ್ಲಿ ಬೇರಿಂಗ್ ನೀಲಿಗಟ್ಟಿತ್ತು. ಆ ಬಣ್ಣ ಇವತ್ತಿಗೂ ಕಣ್ಣ ಮುಂದಿದೆ.

ಅದಕ್ಕೇ ಬಿಚ್ಚುವ ಮೊದಲು ಅಳೆದಿಟ್ಟುಕೊಳ್ಳಿ. ಗಾಡಿ ಸಮತಟ್ಟು ಜಾಗದಲ್ಲಿರಲಿ. ಮುಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಿ. ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಮೇಲೆ ಗೇರ್ ಹಾಕಿದ್ದರೂ ಹಿಂದಿನ ಚಕ್ರ ನಿಲ್ಲುವುದಿಲ್ಲ, ಇದನ್ನು ಮರೆಯಬೇಡಿ. ಆಕ್ಸಲ್ ಕೆಳಗೆ ಎರಡೂ ಕಡೆ ಸ್ಟ್ಯಾಂಡ್ ಕೊಟ್ಟ ಮೇಲೇ ಕೆಳಗೆ ಮಲಗಿ. ಜಾಕ್ ಒಂದನ್ನೇ ನಂಬಿಕೊಂಡು ಗಾಡಿ ಕೆಳಗೆ ಹೋಗಬೇಡಿ, ದಯವಿಟ್ಟು.

ಎರಡೂ ಕಡೆಯ ಹಿಂದಿನ ಚಕ್ರ, ಬ್ರೇಕ್ ಡ್ರಮ್ ತೆಗೆಯಿರಿ. ಶೂ ಉಜ್ಜುತ್ತಿದ್ದರೆ ಅಳತೆ ತಪ್ಪುತ್ತದೆ. ಶಾಫ್ಟ್ ಮತ್ತು ಫ್ಲೇಂಜ್ ಸೇರುವಲ್ಲಿ ಪೇಂಟ್‌ನಿಂದ ಒಂದು ಗೆರೆ ಎಳೆದು ನಾಲ್ಕು ಬೋಲ್ಟ್ ಬಿಚ್ಚಿ. ಈಗ ಫ್ಲೇಂಜ್ ಹಿಡಿದು ಮೇಲೆ ಕೆಳಗೆ, ಒಳಗೆ ಹೊರಗೆ ಅಲ್ಲಾಡಿಸಿ ನೋಡಿ. ತಿರುಗಿಸುವಾಗ ಸ್ವಲ್ಪ ಟಕ್ ಟಕ್ ಅಂದರೆ ಅದು ಹಲ್ಲುಗಳ ನಡುವಿನ ಸಂದು, ಇರಲೇಬೇಕು. ಆದರೆ ಮೇಲೆ ಕೆಳಗೆ ಆಡಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಆಗ ಮನೆಯಲ್ಲಿ ಮುಂದುವರಿಸಬೇಡಿ. ಹೌಸಿಂಗ್ ಬಿಚ್ಚಿ ಬೇರಿಂಗ್ ಹಾಕಿಸಬೇಕು.

ಆಟ ಇಲ್ಲದಿದ್ದರೆ ಒಂದು ನೈಲಾನ್ ದಾರವನ್ನು ಫ್ಲೇಂಜ್ ಅಂಚಿಗೆ ನಾಲ್ಕೈದು ಸುತ್ತು ಸುತ್ತಿ. ತುದಿಗೆ ಮೀನು ತೂಗುವಂಥ ಚಿಕ್ಕ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನವಾಗಿ ಎಳೆಯಿರಿ. ಮೊದಲ ಜಗ್ಗಿನಲ್ಲಿ ಮುಳ್ಳು ಮೇಲೆ ಹಾರುತ್ತದೆ, ಅದನ್ನು ಬಿಡಿ. ಒಂದೇ ಸಮ ತಿರುಗುತ್ತಿರುವಾಗ ಎಷ್ಟು ತೋರಿಸುತ್ತದೋ ಅದನ್ನು ಬರೆದುಕೊಳ್ಳಿ. ಮಧ್ಯದಿಂದ ದಾರಕ್ಕೆ 5 ಸೆಂಟಿಮೀಟರ್ ದೂರ ಇದ್ದು ತಕ್ಕಡಿ 2 ಕೆಜಿ ತೋರಿಸಿದರೆ 10 ಕೆಜಿ-ಸೆಂಟಿಮೀಟರ್, ಅಂದರೆ ಸುಮಾರು 1 ನ್ಯೂಟನ್ ಮೀಟರ್. ಇದು ಲೆಕ್ಕ ತಿಳಿಯಲಿ ಅಂತ ಕೊಟ್ಟ ಉದಾಹರಣೆ ಅಷ್ಟೇ. ನಿಮ್ಮ ಗಾಡಿಯದು ಎಷ್ಟು ಬರುತ್ತದೋ ಅದೇ ನಿಮಗೆ ಅಳತೆ.

ಪ್ರಶ್ನೆ (ಅದೇ ಸದಸ್ಯರು):

ನಟ್‌ಗೂ ಪಿನಿಯನ್‌ಗೂ ಗುರುತು ಹಾಕಿಕೊಂಡು, ವಾಪಸ್ ಅದೇ ಗುರುತಿಗೆ ತಂದರೆ ಸಾಕು ಅಂತ ಒಬ್ಬರು ಹೇಳಿದರು. ಅಷ್ಟು ಸಾಲದಾ?

ಉತ್ತರ:

ಹಳೇ ಫ್ಲೇಂಜನ್ನೇ ವಾಪಸ್ ಹಾಕಿ, ಬರೀ ಸೀಲ್ ಬದಲಿಸುವವರಿಗೆ ಆ ಮಾತು ಸರಿ. ನೀವು ಹಾಕುತ್ತಿರುವುದು ಹೊಸ ಫ್ಲೇಂಜ್, ಹೊಸ ನಟ್. ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಗುರುತು ಸುಳ್ಳಾಗುತ್ತದೆ. ಗುರುತು ಹಾಕಿಕೊಳ್ಳಿ, ಹತ್ತಿರ ಬಂದಿದ್ದೇವೆ ಅಂತ ಗೊತ್ತಾಗಲಿಕ್ಕೆ. ತೀರ್ಮಾನ ಮಾತ್ರ ದಾರ ಮತ್ತು ತಕ್ಕಡಿಯದು.

ಬಿಚ್ಚುವಾಗ ಫ್ಲೇಂಜ್ ತಿರುಗದ ಹಾಗೆ ಹಿಡಿಯಬೇಕಲ್ವಾ? ಎರಡು ಮೂರು ಅಡಿ ಉದ್ದದ ದಪ್ಪ ಕಬ್ಬಿಣದ ಪಟ್ಟಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಎರಡು ತೂತು ಹೊಡೆಸಿ ಫ್ಲೇಂಜ್‌ಗೆ ಬೋಲ್ಟ್ ಹಾಕಿ. ಪಟ್ಟಿಯ ಇನ್ನೊಂದು ತುದಿ ನೆಲಕ್ಕೆ ತಾಗಿ ನಿಲ್ಲುತ್ತದೆ. ನಟ್‌ನ ಅಂಚು ಪಿನಿಯನ್‌ನ ತೋಡಿನೊಳಕ್ಕೆ ಬಡಿದು ಕೂರಿಸಿದ್ದರೆ ಮೊದಲು ಚಿಕ್ಕ ಉಳಿಯಿಂದ ಅದನ್ನು ಎತ್ತಿ, ಇಲ್ಲದಿದ್ದರೆ ಥ್ರೆಡ್ ಹಾಳಾಗುತ್ತದೆ.

ಫ್ಲೇಂಜ್ ಬರದಿದ್ದರೆ ಪುಲ್ಲರ್ ಹಾಕಿ ಎಳೆಯಿರಿ. ಸುತ್ತಿಗೆ ಬೇಡವೇ ಬೇಡ. ಒಂದೊಂದು ಏಟೂ ನೇರ ಬೇರಿಂಗ್‌ನ ರೋಲರ್‌ಗಳಿಗೆ ಬೀಳುತ್ತದೆ.

ಹಳೇ ಫ್ಲೇಂಜ್ ಕೈಗೆ ಬಂದ ಮೇಲೆ ಸೀಲ್ ಕೂರುವ ನುಣುಪು ಜಾಗವನ್ನು ಒರೆಸಿ, ಉಗುರು ಅಡ್ಡಕ್ಕೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಕಾಲುವೆ ಬಿದ್ದಿದೆ. ಮಣ್ಣು ನೀರು ಸೀಲ್‌ನ ತುಟಿಗೆ ಸೇರಿ ಉಕ್ಕನ್ನೇ ತೇಯುತ್ತದೆ. ನಿಮ್ಮ ಎರಡೂ ಸೀಲ್ ನಿಲ್ಲದೇ ಇದ್ದದ್ದಕ್ಕೆ ಹೆಚ್ಚಾಗಿ ಇದೇ ಕಾರಣ ಇರುತ್ತದೆ.

ಹೊಸ ಸೀಲನ್ನು ಅದೇ ಅಳತೆಯ ಪೈಪ್ ತುಂಡು ಇಟ್ಟು ಸುತ್ತಲೂ ಸಮನಾಗಿ ಕೂರಿಸಿ. ತುಟಿಗೆ ಸ್ವಲ್ಪ ಗ್ರೀಸ್ ಸವರಿ. ಒಣ ಸೀಲ್ ಮೊದಲ ಸುತ್ತುಗಳಲ್ಲೇ ಸುಡುತ್ತದೆ. ಫ್ಲೇಂಜ್ ಒಳಗಿನ ಸ್ಪ್ಲೈನ್‌ಗೆ (ಉದ್ದುದ್ದ ಹಲ್ಲುಗಳಿಗೆ), ವಾಷರ್ ಕೆಳಗೆ ತೆಳುವಾಗಿ ಸೀಲಂಟ್ ಹಚ್ಚಿ. ಆಯಿಲ್ ಸ್ಪ್ಲೈನ್ ಸಂದಿನಿಂದಲೂ ತೆವಳಿಕೊಂಡು ಬರುತ್ತದೆ. ಜನ ಸೀಲನ್ನೇ ಬೈಯುತ್ತಿರುತ್ತಾರೆ.

ಈಗ ಹೊಸ ನಟ್. ಕೈಯಲ್ಲೇ ಬಿಗಿಯಿರಿ, ಗನ್ ಬೇಡ. ಗುರುತಿನ ಹತ್ತಿರ ಬಂದಾಗ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲ ಪಟ್ಟಿ ತೆಗೆದು ದಾರ ಎಳೆದು ನೋಡಿ. ನಾಲ್ಕಾರು ಸುತ್ತು ಕೈಯಿಂದ ತಿರುಗಿಸಿ ಬೇರಿಂಗ್ ಕೂರಲು ಬಿಡಿ, ಆಮೇಲೆ ಅಳೆಯಿರಿ. ಮೊದಲಿದ್ದಷ್ಟೇ ಅಥವಾ ಒಂದು ಕೂದಲು ಜಾಸ್ತಿ ಬಂದ ಕೂಡಲೇ ನಿಲ್ಲಿಸಿ. ಹೊಸ ಸೀಲ್ ಕೂಡ ಸ್ವಲ್ಪ ಹಿಡಿಯುತ್ತದೆ. ಈ ಭಾಗಕ್ಕೆ ಒಂದು ಗಂಟೆ ಹಿಡಿದರೂ ಹಿಡಿಯಲಿ.

ಶಾಫ್ಟ್ ಕೂರಿಸುವಾಗ ನಾಲ್ಕು ಬೋಲ್ಟ್‌ಗಳಿಗೆ ಸಿಕ್ಕಿದ್ದು ಹಾಕಬೇಡಿ, ಹೈ ಟೆನ್ಸೈಲ್‌ನವೇ ಬೇಕು. ಆಯಿಲ್ ತೆಗೆಯುವ ಮೊದಲು ಮೇಲಿನ ತುಂಬುವ ಪ್ಲಗ್ ಬಿಚ್ಚುತ್ತದಾ ನೋಡಿಕೊಳ್ಳಿ. ಎಲ್ಲಾ ಸೋರಿಸಿದ ಮೇಲೆ ಅದು ಕಚ್ಚಿಕೊಂಡಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ. ಜಿಎಲ್-5 ದರ್ಜೆಯ 80ಡಬ್ಲ್ಯು-90 ಆಯಿಲನ್ನು ತೂತಿನ ಅಂಚಿಗೆ ಬರುವ ತನಕ ತುಂಬಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಮಡಿಕೇರಿ):

ನಮ್ಮದು ಹಳೇ ಜೀಪು, ಡಾನಾ 44 ಮಾದರಿ ಆಕ್ಸಲ್. ಇದಕ್ಕೂ ದಾರದ ಲೆಕ್ಕ ಬೇಕಾ?

ಉತ್ತರ:

ಹಳೇ ಡಾನಾ 44ಗಳಲ್ಲಿ ಕ್ರಶ್ ಸ್ಲೀವ್ ಇರುವುದಿಲ್ಲ, ಶಿಮ್ (ತೆಳು ಲೋಹದ ಬಿಲ್ಲೆ) ಇರುತ್ತವೆ. ಪ್ರೀಲೋಡ್ ಠರಾಯಿಸುವುದು ಶಿಮ್. ಹಾಗಾಗಿ ಅಲ್ಲಿ ಪುಸ್ತಕದಲ್ಲಿ ಇರುವ ಟಾರ್ಕ್‌ಗೇ ಬಿಗಿಯಬಹುದು, ಕೆಲಸ ಸಲೀಸು. ಆದರೆ ಅದೇ ಹೆಸರಿನ ಹೊಸ ಆಕ್ಸಲ್‌ಗಳಲ್ಲಿ ಸ್ಲೀವ್ ಬಂದಿದೆ. ನಿಮ್ಮದು ಯಾವುದು ಅಂತ ಖಾತ್ರಿ ಮಾಡಿಕೊಂಡೇ ಕೈ ಹಾಕಿ. ದಾರ ಎಳೆದು ನೋಡುವುದರಿಂದ ನಷ್ಟವಂತೂ ಇಲ್ಲ.

ಸಕಲೇಶಪುರದ ಸದಸ್ಯರಿಂದ:

ಭಾನುವಾರ ಮುಗಿಸಿದೆ. ಹಳೇ ಫ್ಲೇಂಜ್‌ನಲ್ಲಿ ಉಗುರು ಪೂರ್ತಿ ಸಿಕ್ಕಿಕೊಳ್ಳುವಷ್ಟು ಕಾಲುವೆ ಇತ್ತು. ತಕ್ಕಡಿಯಲ್ಲಿ ಮೊದಲು 1.8 ಕೆಜಿ ಇದ್ದದ್ದು ಈಗ 2 ಕೆಜಿ. ತೆಗೆದ ಆಯಿಲ್ ಮಾತ್ರ ಹಾಲು ಹಾಕಿದ ಕಾಫಿ ಬಣ್ಣಕ್ಕಿತ್ತು. ಇದು ಯಾಕೆ?

ಉತ್ತರ:

ತುಂಬಾ ಸಂತೋಷ ಆಯಿತು. ಅಳತೆ ಸರಿಯಾಗಿದೆ. ಬಣ್ಣ ಹಾಗಾಗಿದ್ದರೆ ನೀರು ಒಳಗೆ ಹೋಗಿದೆ. ಹೌಸಿಂಗ್ ಮೇಲಿನ ಬ್ರೀದರ್ (ಒಳಗೆ ಹೊರಗೆ ಗಾಳಿ ಆಡುವ ಚಿಕ್ಕ ಮೂತಿ) ಬಿಚ್ಚಿ ಊದಿ ನೋಡಿ. ಅದು ಮಣ್ಣಿನಿಂದ ಮುಚ್ಚಿದ್ದರೆ ಬಿಸಿಯಾದಾಗ ಒಳಗಿನ ಒತ್ತಡ ಸೀಲ್ ಕಡೆಯಿಂದ ಆಯಿಲ್ ತಳ್ಳುತ್ತದೆ. ಬಿಸಿ ಗಾಡಿ ಹಳ್ಳಕ್ಕೆ ಇಳಿದು ತಣ್ಣಗಾದಾಗ ಅದೇ ದಾರಿಯಲ್ಲಿ ನೀರು ಎಳೆದುಕೊಳ್ಳುತ್ತದೆ. ಬ್ರೀದರ್‌ಗೆ ರಬ್ಬರ್ ಪೈಪ್ ಸಿಕ್ಕಿಸಿ ಬಾಡಿ ಎತ್ತರಕ್ಕೆ ಒಯ್ದು ಕಟ್ಟಿ.

ಮೊದಲು ಹತ್ತು ಕಿಲೋಮೀಟರ್ ನಿಧಾನ ಓಡಿಸಿ ಹೌಸಿಂಗ್ ಮೂತಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಸುಡುತ್ತಿದ್ದರೆ, ಅಥವಾ ಆಕ್ಸಿಲೇಟರ್ ಒತ್ತಿದಾಗ ಹೊಸದಾಗಿ ಊಳಿಡುವ ಸದ್ದು ಬಂದರೆ ಗಾಡಿ ನಿಲ್ಲಿಸಿ ಇಲ್ಲೇ ಬರೆಯಿರಿ. ನೀರು ಹೊಕ್ಕಿದ್ದರಿಂದ ಈಗ ಹಾಕಿದ ಆಯಿಲನ್ನು ಸ್ವಲ್ಪ ದಿನ ಓಡಿಸಿ ಇನ್ನೊಂದು ಸಲ ಬದಲಿಸಿಬಿಡಿ.