ಅರಳದೆ ಉಳಿದ ರೆಕ್ಕೆಗೆ ಸರಿಯಾದ ಪದ ಯಾವುದು?

ಮಾನ್ಯರೇ,

ಶಿರಸಿ ಸೀಮೆಯ ನಮ್ಮ ಅಡಿಕೆ ತೋಟದ ಕೆರೆಯಂಚಿನಲ್ಲಿ ಏರೋಪ್ಲೇನ್ ಚಿಟ್ಟೆಗಳನ್ನು (ಡ್ರ್ಯಾಗನ್‌ಫ್ಲೈ) ಗಮನಿಸಿ ಕನ್ನಡದಲ್ಲೇ ಟಿಪ್ಪಣಿ ಬರೆದಿಡುವ ನಾನು ಒಂದು ಪದದ ಹತ್ತಿರ ಸಿಕ್ಕಿಕೊಂಡಿದ್ದೇನೆ.

ನೀರಿನಲ್ಲಿ ಬೆಳೆದ ಇದರ ಮರಿ, ಚಿಟ್ಟೆಯ ಹಾಗೆ ಕೋಶ ಕಟ್ಟದೆ, ನೇರವಾಗಿ ಹುಲ್ಲಿನ ಕಡ್ಡಿಯೇರಿ ಬೆನ್ನು ಬಿರಿದು ಪೊರೆಯಿಂದ ಹೊರಬರುತ್ತದೆ. ಆಗ ಹಿಂಡಿಟ್ಟ ಒದ್ದೆ ಬಟ್ಟೆಯಂತಿರುವ ರೆಕ್ಕೆಗಳು ದೇಹದ್ರವ ನುಗ್ಗಿದಂತೆ ಹಿಗ್ಗಿ, ಆರಿ, ಗಟ್ಟಿಯಾಗುತ್ತವೆ. ಅಷ್ಟರೊಳಗೆ ಮಳೆ ಹೊಡೆದರೆ, ಪಕ್ಕದ ಎಲೆ ತಾಗಿದರೆ ಅಥವಾ ಕಾಲು ಜಾರಿ ಬಿದ್ದರೆ ರೆಕ್ಕೆ ಇದ್ದ ಹಾಗೆಯೇ ಒಣಗಿಬಿಡುತ್ತದೆ, ಮತ್ತೆಂದೂ ಸರಿಯಾಗದು. ಮೊನ್ನೆ ಕಂಡದ್ದರಲ್ಲಿ ಮೂರು ರೆಕ್ಕೆ ನೆಟ್ಟಗಿದ್ದವು; ಬಲಬದಿಯ ಹಿಂದಿನದು ಮಾತ್ರ ಸುರುಳಿಗಟ್ಟಿ, ತುದಿಯ ಕಪ್ಪು ಮಚ್ಚೆ ಒಳಮಡಿಕೆಯಲ್ಲಿ ಅಡಗಿತ್ತು.

ಇದನ್ನು 'ವಿಕೃತ ರೆಕ್ಕೆ' ಎನ್ನಲು ನನಗೆ ಮನಸ್ಸಿಲ್ಲ. ಪತ್ರಿಕೆಗಳ ಬಳಕೆಯಿಂದ ಆ ಪದಕ್ಕೆ ಕೆಟ್ಟ ಮನಸ್ಸಿನ ವಾಸನೆ ಅಂಟಿಕೊಂಡಿದೆ. 'ಮುದುಡಿದ' ಎಂದರೆ ಸಂಜೆ ಮುದುಡಿ ಬೆಳಿಗ್ಗೆ ಅರಳುವ ತಾವರೆ ನೆನಪಾಗುತ್ತದೆ, ಆದರೆ ಇದು ಒಮ್ಮೆಯೂ ಅರಳಿದ್ದಲ್ಲ. 'ಹರಿದ' ಎನ್ನುವುದು ವಯಸ್ಸಾಗಿ ಅಂಚು ಚಿಂದಿಯಾದ ರೆಕ್ಕೆಗೆ ಸಲ್ಲಬೇಕು. 'ಮುರುಟಿದ' ಎಂಬುದೇ ಹತ್ತಿರವೆನಿಸಿದರೂ ಮೆಣಸಿನ ಗಿಡದ ಎಲೆ ಮುರುಟುವುದು ರೋಗದಿಂದ, ಇಲ್ಲಿ ರೋಗವೇ ಇರಬೇಕೆಂದಿಲ್ಲ. ಹಿಡಿಮುಂಡಿಗೆ ರೋಗ ಬಂದ ಅಡಿಕೆ ಮರದ ಸೋಗೆ ಗಿಡ್ಡಾಗಿ ಸುಕ್ಕುಗಟ್ಟಿ ಬರುವುದನ್ನು ಕಂಡವರು, ಬಿಡಿಸಿಕೊಳ್ಳಲಾಗದೆ ಉಳಿದ ಸುಳಿಗೆ ಬೇರೆಯೇ ಮಾತು ಬಳಸುತ್ತಿರಬಹುದೇ? ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದವರೂ ತಮ್ಮ ಆಡುಮಾತನ್ನು ತಿಳಿಸಬೇಕು.

ಇನ್ನೊಂದು ಸಣ್ಣ ಸಂಶಯ, 'ಅಪರೂಪ' ಮತ್ತು 'ವಿರಳ'ಗಳ ಬಗ್ಗೆ. ಮಳೆಗಾಲ ಮುಗಿಯುತ್ತಿದ್ದಂತೆ ಹಿಂಡುಗಟ್ಟಿ, ಮಾಲ್ಡೀವ್ಸ್ ದಾಟಿ ಪೂರ್ವ ಆಫ್ರಿಕಾದ ಕಡೆ ಹೋಗುವ ಪಂಟಾಲ ಫ್ಲಾವೆಸೆನ್ಸ್ ಎಂಬ ಏರೋಪ್ಲೇನ್ ಚಿಟ್ಟೆ ವರ್ಷದ ಕೆಲವು ತಿಂಗಳು ನಮ್ಮ ಕಣ್ಣಿಗೆ ಅಪರೂಪ, ಆದರೆ ಸಂಖ್ಯೆಯಲ್ಲಿ ವಿರಳವಲ್ಲ. ಪಶ್ಚಿಮ ಘಟ್ಟದಲ್ಲಿ ಮಾತ್ರ, ಅದೂ ನೆರಳಿನ ಹಳ್ಳಗಳಲ್ಲಿ ಬದುಕುವ ಮಿರಿಸ್ಟಿಕಾ ಸಫೈರ್ ಎಂಬ ಅದರ ಸಂಬಂಧಿ ಕೀಟ ನಿಜಕ್ಕೂ ವಿರಳ. ಆದರೆ ಅದು ಇರುವುದು ಗೊತ್ತಿರುವ ಹಳ್ಳದ ಪಕ್ಕದಲ್ಲೇ ಮನೆಯಿದ್ದವರಿಗೆ ಅದು ಅಪರೂಪವೇನೂ ಅಲ್ಲ. ಈ ಎರಡು ಪದಗಳನ್ನು ಹೀಗೆ ಬೇರ್ಪಡಿಸಿ ಬಳಸಿದರೆ ಓದುವವರಿಗೆ ಕೃತಕವೆನಿಸುತ್ತದೆಯೇ?